‘ಸೇ’ ಮತ್ತು ‘ಹೇಳು’: ಒಂದು ಇಂಗ್ಲಿಷ್ ಕ್ರಿಯಾಪದದ ಅರ್ಥ, ಪ್ರಯೋಗ ಹಾಗೂ ಅದರ ಕನ್ನಡ ಸಮಾನಪದದ ಪ್ರಶ್ನೆ

1. ಪ್ರಶ್ನೆಯ ಸ್ವರೂಪ

ಇಂಗ್ಲಿಷಿನ ‘ಸೇ’ ಎಂಬ ಕ್ರಿಯಾಪದಕ್ಕೆ ಕನ್ನಡದಲ್ಲಿ ಅರ್ಥ ಕೇಳಿದರೆ ಶಾಲಾಬಾಲಕನಿಂದ ಹಿಡಿದು ನಿಘಂಟುಕಾರನವರೆಗೆ ಎಲ್ಲರೂ ಕೊಡುವ ಉತ್ತರ ‘ಹೇಳು’ ಎಂಬುದು. ‘ಟೆಲ್’ ಎಂಬುದಕ್ಕೆ ಅರ್ಥ ಕೇಳಿದರೂ ಉತ್ತರ ಅದೇ. ಒಂದು ಭಾಷೆಯ ಎರಡು ಪದಗಳು ಇನ್ನೊಂದು ಭಾಷೆಯ ಒಂದೇ ಪದಕ್ಕೆ ಬಂದು ಸೇರುವುದರಲ್ಲಿ ವಿಶೇಷವೇನೂ ಇಲ್ಲ. ಆದರೆ ಈ ಸಂದರ್ಭದಲ್ಲಿ ಆ ಸಮೀಕರಣವು ಎರಡೂ ಭಾಷೆಗಳ ಬಗೆಗೆ ತಪ್ಪು ಚಿತ್ರವನ್ನು ಕೊಡುತ್ತದೆ ಎಂಬುದು ನಮ್ಮ ವಾದ. ‘ಸೇ’ ಎಂಬುದು ಆಡಿದ ಮಾತಿನತ್ತ ಮುಖಮಾಡಿರುವ ಕ್ರಿಯಾಪದ. ‘ಟೆಲ್’ ಎಂಬುದು ಆ ಮಾತು ತಲುಪಿದ ವ್ಯಕ್ತಿಯತ್ತ ಮುಖಮಾಡಿರುವ ಕ್ರಿಯಾಪದ. ಕನ್ನಡದಲ್ಲಿ ಈ ಭೇದ ಇಲ್ಲವೆಂದಲ್ಲ; ಅದು ‘ಹೇಳು’ ಪದದೊಳಗೆ ಇಲ್ಲ, ‘ಹೇಳು’ ಮತ್ತು ‘ಎನ್ನು’ ಎಂಬೆರಡರ ನಡುವೆ ಇದೆ. ಆದುದರಿಂದ ‘ಸೇ’ ಪದಕ್ಕೆ ಹತ್ತಿರದ ನೆಂಟ ಬಹುಮಟ್ಟಿಗೆ ‘ಎನ್ನು’ ಧಾತುವೇ ಹೊರತು ‘ಹೇಳು’ ಅಲ್ಲ.

ಇದು ಕೇವಲ ಪಾರಿಭಾಷಿಕ ಕುತೂಹಲದ ವಿಷಯವಲ್ಲ. ಡಗ್ಲಸ್ ಬೈಬರ್ ಮತ್ತು ಸಂಗಡಿಗರು ಸುಮಾರು 4 ಕೋಟಿ ಪದಗಳ ಪಠ್ಯಸಂಚಯವನ್ನು ಆಧರಿಸಿ 1999ರಲ್ಲಿ ಪ್ರಕಟಿಸಿದ ‘ಲಾಂಗ್‌ಮನ್ ಗ್ರಾಮರ್ ಆಫ್ ಸ್ಪೋಕನ್ ಅಂಡ್ ರಿಟನ್ ಇಂಗ್ಲಿಷ್’ ಎಂಬ ವ್ಯಾಕರಣದ ಪ್ರಕಾರ, ಸಹಾಯಕ ಕ್ರಿಯಾಪದಗಳನ್ನೂ ‘ಬಿ’, ‘ಹ್ಯಾವ್’, ‘ಡು’ಗಳನ್ನೂ ಬದಿಗಿಟ್ಟರೆ ಇಂಗ್ಲಿಷಿನಲ್ಲಿ ಅತ್ಯಧಿಕವಾಗಿ ಬಳಕೆಯಾಗುವ ಕ್ರಿಯಾಪದ ‘ಸೇ’. ಅಷ್ಟು ಬಳಕೆಯ ಪದವು ಅನುವಾದದಲ್ಲಿ ಒಂದಿಷ್ಟು ವಾಲಿದರೂ ಆ ವಾಲುವಿಕೆ ಪತ್ರಿಕಾವರದಿ, ನ್ಯಾಯಾಲಯದ ಸಾಕ್ಷ್ಯ, ಪಠ್ಯಪುಸ್ತಕ ಎಲ್ಲದರಲ್ಲೂ ಕಾಣಿಸಿಕೊಳ್ಳುತ್ತದೆ. ಅದರ ಉಚ್ಚಾರವೇ ಈ ಬಳಕೆಯ ಒತ್ತಡಕ್ಕೆ ಸಾಕ್ಷಿ: ‘ಪೇ’ ಪದದಿಂದ ‘ಪೇಜ್’, ‘ಪೇಡ್’ ಎಂದು ದೀರ್ಘವಾಗಿಯೇ ಉಚ್ಚರಿಸುವ ಇಂಗ್ಲಿಷರು ‘ಸೇ’ ಪದದ ರೂಪಗಳನ್ನು ಮಾತ್ರ ‘ಸೆಜ್’, ‘ಸೆಡ್’ ಎಂದು ಹ್ರಸ್ವಗೊಳಿಸಿದ್ದಾರೆ. ಬರಹ ಮಾತ್ರ ಹಳೆಯ ದೀರ್ಘವನ್ನೇ ಉಳಿಸಿಕೊಂಡಿದೆ.

2. ಎರಡು ಮೂಲಗಳು

‘ಸೇ’ ಪದದ ಹಳೆಯ ಇಂಗ್ಲಿಷ್ ರೂಪ ‘ಸೆಜ್ಜನ್’. ಜರ್ಮನ್ ಭಾಷೆಯ ‘ಸಾಗೆನ್’, ಡಚ್ಚಿನ ‘ಜೆಗೆನ್’ ಇದರ ಸೋದರರೂಪಗಳು. ಐಸ್‌ಲ್ಯಾಂಡಿನ ಗದ್ಯಕಥನಗಳ ಹೆಸರಾದ ‘ಸಾಗಾ’ ಎಂಬುದೂ, ಗಾದೆ ಎಂಬರ್ಥದ ಹಳೆಯ ಇಂಗ್ಲಿಷ್ ನಾಮಪದ ‘ಸಾ’ ಎಂಬುದೂ ಇದೇ ಕುಲದವು. ಈ ಮೂಲವು ಮೊದಲಿನಿಂದಲೂ ನುಡಿಯುವ ಕ್ರಿಯೆಗೇ ಸೇರಿದ್ದು.

‘ಟೆಲ್’ ಪದದ ಚರಿತ್ರೆ ಬೇರೆ. ಹಳೆಯ ಇಂಗ್ಲಿಷಿನ ‘ಟೆಲ್ಲನ್’ ಎಂದರೆ ಎಣಿಸು ಎಂಬುದೂ ಒಂದು ಅರ್ಥ. ಜರ್ಮನ್ನಿನಲ್ಲಿ ಇಂದಿಗೂ ‘ತ್ಸೇಲೆನ್’ ಎಂದರೆ ಎಣಿಸು, ‘ಎರ್ತ್ಸೇಲೆನ್’ ಎಂದರೆ ಕಥೆ ಹೇಳು. ಬ್ಯಾಂಕಿನಲ್ಲಿ ಹಣ ಎಣಿಸಿಕೊಡುವವನಿಗೆ ‘ಟೆಲರ್’ ಎನ್ನುವುದು, ಎಣಿಕೆಗೆ ಸಿಗದ ಸಂಪತ್ತಿಗೆ ‘ಅನ್‌ಟೋಲ್ಡ್’ ಎಂಬ ವಿಶೇಷಣ, ಒಟ್ಟು ಲೆಕ್ಕಕ್ಕೆ ‘ಆಲ್ ಟೋಲ್ಡ್’ ಎಂಬ ಪದಪುಂಜ ಇವೆಲ್ಲ ಆ ಹಳೆಯ ಅರ್ಥದ ಪಳೆಯುಳಿಕೆಗಳು. ಒಂದೊಂದಾಗಿ ಎಣಿಸಿ ಒಬ್ಬರ ಕೈಗೆ ಹಾಕುವುದು, ಒಂದೊಂದಾಗಿ ವಿವರಿಸಿ ಒಬ್ಬರ ಕಿವಿಗೆ ಹಾಕುವುದು: ಎರಡರಲ್ಲೂ ಪಡೆಯುವವನೊಬ್ಬ ಇದ್ದೇ ಇರುತ್ತಾನೆ. ಪದಮೂಲವು ಇಂದಿನ ಅರ್ಥವನ್ನು ನಿರ್ಧರಿಸುತ್ತದೆಂಬ ಭ್ರಮೆ ನಮಗಿಲ್ಲ. ಆದರೆ ‘ಟೆಲ್’ ಇಂದಿಗೂ ಪಡೆಯುವವನನ್ನು ಬಿಟ್ಟು ಸುಲಭವಾಗಿ ನಿಲ್ಲಲಾರದು ಎಂಬ ಸಂಗತಿಗೆ ಈ ಚರಿತ್ರೆ ಚೆನ್ನಾಗಿ ಹೊಂದುತ್ತದೆ.

3. ವಾಕ್ಯರಚನೆಯ ಸಾಕ್ಷ್ಯ

‘ಹೀ ಸೆಡ್ ದಟ್ ಇಟ್ ವಾಸ್ ರೇನಿಂಗ್’ (ಮಳೆ ಬರುತ್ತಿದೆ ಎಂದ) ಎಂಬುದು ಪೂರ್ಣವಾಕ್ಯ. ಯಾರಿಗೆ ಎಂಬುದು ಅಲ್ಲಿಲ್ಲ. ಇರಬೇಕಾದ ಅಗತ್ಯವೂ ಇಲ್ಲ. ಬೇಕಾದರೆ ‘ಟು ಮಿ’ ಎಂದು ಉಪಸರ್ಗದೊಡನೆ ಸೇರಿಸಬಹುದು; ಆದರೆ ‘ಹೀ ಸೆಡ್ ಮಿ’ ಎಂದು ನೇರ ಕರ್ಮವಾಗಿ ಸೇರಿಸುವಂತಿಲ್ಲ. ‘ಟೆಲ್’ ಇದಕ್ಕೆ ತದ್ವಿರುದ್ಧ: ‘ಹೀ ಟೋಲ್ಡ್ ಮಿ ದಟ್ ಇಟ್ ವಾಸ್ ರೇನಿಂಗ್’ ಸರಿ, ‘ಹೀ ಟೋಲ್ಡ್ ದಟ್’ ಎಂದು ಆರಂಭವಾಗುವ ವಾಕ್ಯ ಬ್ರಿಟನ್ ಅಥವಾ ಅಮೆರಿಕದ ಶಿಷ್ಟ ಇಂಗ್ಲಿಷಿನಲ್ಲಿ ಸಲ್ಲದು.

ಕರ್ಮಣಿ ಪ್ರಯೋಗದಲ್ಲಿ ಈ ಭೇದ ಇನ್ನಷ್ಟು ನಿಚ್ಚಳವಾಗುತ್ತದೆ. ‘ಐ ವಾಸ್ ಟೋಲ್ಡ್’ (ನನಗೆ ತಿಳಿಸಲಾಯಿತು) ಎನ್ನಬಹುದು, ‘ಐ ವಾಸ್ ಸೆಡ್’ ಎನ್ನಲಾಗದು. ‘ಇಟ್ ಈಸ್ ಸೆಡ್ ದಟ್’ (ಎಂದು ಹೇಳಲಾಗುತ್ತದೆ) ಸಹಜ, ‘ಇಟ್ ಈಸ್ ಟೋಲ್ಡ್ ದಟ್’ ಅಸಹಜ. ಕರ್ಮಣಿಯಲ್ಲಿ ‘ಟೆಲ್’ ಕೇಳುಗನನ್ನು ಮುಂದಕ್ಕೆ ತರುತ್ತದೆ, ‘ಸೇ’ ಆಡಿದ ಮಾತನ್ನು ಮುಂದಕ್ಕೆ ತರುತ್ತದೆ.

ಇಲ್ಲೊಂದು ವಿಚಿತ್ರವಿದೆ, ವಾಕ್ಯವಿಜ್ಞಾನಿಗಳಿಗೆ ಇದು ಪರಿಚಿತ, ಭಾಷಾಬೋಧಕರಿಗೆ ಅಷ್ಟಾಗಿ ಅಲ್ಲ. ‘ಹೀ ಈಸ್ ಸೆಡ್ ಟು ಬಿ ರಿಚ್’ (ಅವನು ಶ್ರೀಮಂತನಂತೆ) ಎಂಬುದು ಸರ್ವೇಸಾಮಾನ್ಯ ವಾಕ್ಯ. ಅದನ್ನು ಕರ್ತರಿಗೆ ತಿರುಗಿಸಿದರೆ ಬರಬೇಕಾದ ‘ದೇ ಸೇ ಹಿಮ್ ಟು ಬಿ ರಿಚ್’ ಎಂಬುದು ಇಂಗ್ಲಿಷೇ ಅಲ್ಲ. ‘ಬಿಲೀವ್’ ಮುಂತಾದ ಕ್ರಿಯಾಪದಗಳಲ್ಲಿ ಕರ್ತರಿ, ಕರ್ಮಣಿ ಎರಡೂ ಸರಿಯಾಗುತ್ತವೆ. ‘ಸೇ’ ಮಾತ್ರ ‘ರೂಮರ್ಡ್’, ‘ರೆಪ್ಯೂಟೆಡ್’ ಎಂಬ ವದಂತಿಯ ಪದಗಳ ಜೊತೆಗೆ ಹೋಗಿ ಕೂತಿದೆ. ಅಂದರೆ ಈ ರಚನೆಯು ಯಾವುದೋ ಕರ್ತರಿ ವಾಕ್ಯದ ರೂಪಾಂತರವಾಗಿ ಉಳಿದಿಲ್ಲ. ಆಡಿದವರನ್ನೂ ಕೇಳಿದವರನ್ನೂ ಅಳಿಸಿ, ಮಾತು ಮಾತ್ರ ಗಾಳಿಯಲ್ಲಿ ಓಡಾಡುತ್ತಿದೆ ಎಂದು ತೋರಿಸುವ ಸ್ವತಂತ್ರ ಸಾಧನವಾಗಿದೆ. ಕನ್ನಡದಲ್ಲಿ ಈ ಕೆಲಸವನ್ನು ಮಾಡುವುದು ‘ಅಂತೆ’. ಬರಹದ ಕನ್ನಡದಲ್ಲಿ ‘ಎನ್ನಲಾಗಿದೆ’. ಈ ಎರಡನೆಯದಕ್ಕೆ ಮುಂದೆ ಮರಳುತ್ತೇವೆ.

ನಾಮಪದಗಳ ಸಹವಾಸವೂ ಇದೇ ಕಥೆಯನ್ನು ಹೇಳುತ್ತದೆ. ಸುಳ್ಳು, ಸತ್ಯ, ಕಥೆ, ನಗೆಹನಿ, ಭವಿಷ್ಯ ಇವುಗಳೊಡನೆ ಇಂಗ್ಲಿಷಿನಲ್ಲಿ ‘ಟೆಲ್’ ಬರುತ್ತದೆ. ಪ್ರಾರ್ಥನೆ, ಊಟದ ಮುನ್ನಿನ ಕೃತಜ್ಞತಾಸ್ತುತಿ, ‘ಯೆಸ್’, ‘ನೋ’, ‘ಸಾರಿ’, ‘ಹಲೋ’ ಇವುಗಳೊಡನೆ ‘ಸೇ’ ಬರುತ್ತದೆ. ಸುಳ್ಳು ಸುಳ್ಳಾಗುವುದು ಪದಗಳಲ್ಲಲ್ಲ, ಕೇಳುಗನನ್ನು ಅದು ಎಲ್ಲಿಗೆ ಕೊಂಡೊಯ್ಯುತ್ತದೆ ಎಂಬುದರಲ್ಲಿ. ಪ್ರಾರ್ಥನೆಯಾದರೋ ನಿಗದಿತ ಪದಗಳ ಉಚ್ಚಾರಣೆ; ದೇವರಿಗೆ ಅದರಿಂದ ಹೊಸ ಮಾಹಿತಿಯೇನೂ ಸಿಗುವುದಿಲ್ಲ. ಇಂಗ್ಲಿಷ್ ಕಲಿಯುವವರಿಗೆ ಈ ನಾಮಪದಗಳನ್ನು ಎರಡು ಪಟ್ಟಿಗಳಾಗಿ ಬಾಯಿಪಾಠ ಮಾಡಿಸುವುದು ರೂಢಿ. ಪಟ್ಟಿಯ ಹಿಂದೊಂದು ತರ್ಕವಿದೆ ಎಂಬುದನ್ನು ತೋರಿಸಿಕೊಟ್ಟರೆ ಬಾಯಿಪಾಠದ ಹೊರೆ ಅರ್ಧಕ್ಕರ್ಧ ಇಳಿಯುತ್ತದೆ.

4. ಪದವೋ, ಅರ್ಥವೋ

‘ಸೇ’ ಮಾತಿನತ್ತ ಮುಖಮಾಡಿದೆ ಎಂದೆವು. ಮಾತು ಎಂದರೆ ಇಲ್ಲಿ ಯಾವುದು: ಉಚ್ಚರಿಸಿದ ಪದಗಳೋ, ಅವುಗಳ ತಾತ್ಪರ್ಯವೋ? 1955ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ನೀಡಿ, ನಿಧನಾನಂತರ 1962ರಲ್ಲಿ ಗ್ರಂಥವಾಗಿ ಪ್ರಕಟವಾದ ಉಪನ್ಯಾಸಗಳಲ್ಲಿ ಜೆ. ಎಲ್. ಆಸ್ಟಿನ್ ಈ ಭೇದವನ್ನು ‘ಸೇ’ ಪದದ ಎರಡು ಬಳಕೆಗಳ ಮೂಲಕವೇ ಗುರುತಿಸಿದರು. ಉದ್ಧರಣಚಿಹ್ನೆಯೊಳಗೆ ಪದಗಳನ್ನು ಯಥಾವತ್ತಾಗಿ ಇಟ್ಟು ‘ಸೆಡ್’ ಎಂದರೆ ವರದಿಯಾಗುವುದು ಒಂದು ಭಾಷೆಯ ಪದಗಳನ್ನು ಉಚ್ಚರಿಸಿದ ಕ್ರಿಯೆ. ‘ಸೆಡ್ ದಟ್’ ಎಂದರೆ ವರದಿಯಾಗುವುದು ನಿರ್ದಿಷ್ಟ ಅರ್ಥವನ್ನೂ ವಸ್ತುವನ್ನೂ ಉದ್ದೇಶಿಸಿ ನುಡಿದ ಕ್ರಿಯೆ. ಮೊದಲನೆಯದನ್ನು ಗಿಳಿಯ ಬಗೆಗೂ ಹೇಳಬಹುದು, ಎರಡನೆಯದನ್ನು ಹೇಳಲಾಗದು. ಮುಂದೆ 1967ರಲ್ಲಿ ಅದೇ ಉಪನ್ಯಾಸಮಾಲೆಯಲ್ಲಿ ಮಾತನಾಡಿದ ಪಾಲ್ ಗ್ರೈಸ್, ಹೇಳಿದ್ದಕ್ಕೂ ಸೂಚಿಸಿದ್ದಕ್ಕೂ ನಡುವೆ ಗೆರೆ ಎಳೆದಾಗ ಆಧಾರವಾಗಿ ಹಿಡಿದದ್ದು ಇದೇ ಕ್ರಿಯಾಪದವನ್ನು. ಇಂಗ್ಲಿಷಿನ ಒಂದು ಸಾಧಾರಣ ಕ್ರಿಯಾಪದವು ಹೀಗೆ ಅರ್ಥಸಿದ್ಧಾಂತದ ಪರಿಭಾಷೆಯಾಗಿಬಿಟ್ಟದ್ದು ನಮ್ಮಂಥವರಿಗೆ ತುಸು ಯೋಚಿಸಬೇಕಾದ ವಿಷಯವೇ ಸರಿ.

ನಿರ್ಜೀವ ಕರ್ತೃವಿನ ಪ್ರಯೋಗಗಳು ಇಲ್ಲಿಂದ ಸಹಜವಾಗಿ ಹುಟ್ಟುತ್ತವೆ. ‘ದ ಕ್ಲಾಕ್ ಸೆಜ್ ಟೆನ್’ (ಗಡಿಯಾರದಲ್ಲಿ ಹತ್ತು ಗಂಟೆ), ‘ದ ಲೆಟರ್ ಸೆಜ್’ (ಪತ್ರದಲ್ಲಿ ಹೀಗಿದೆ), ‘ದ ನೋಟಿಸ್ ಸೆಜ್’ ಮುಂತಾದ ವಾಕ್ಯಗಳಲ್ಲಿ ಆಡುವ ಬಾಯಿಯೂ ಇಲ್ಲ, ಕೇಳುವ ಕಿವಿಯೂ ಇಲ್ಲ; ಪದಗಳು ಮಾತ್ರ ಇವೆ. ಈ ಅರ್ಥದಲ್ಲಿ ಕ್ರಿಯಾಪದವು ಸ್ಥಿತಿಸೂಚಕವಾಗುವುದರಿಂದ ‘ಈಸ್ ಸೇಯಿಂಗ್’ ಎಂಬ ಮುಂದುವರಿಕೆಯ ರೂಪ ಸಾಮಾನ್ಯವಾಗಿ ಸಲ್ಲದು. ಒಂದು ಚಲನಚಿತ್ರ ಅಥವಾ ಕಾದಂಬರಿಯ ವಿಷಯದಲ್ಲಿ ಸಲ್ಲುತ್ತದೆ, ಏಕೆಂದರೆ ಅಲ್ಲಿ ಕೃತಿಯ ಹಿಂದೆ ಒಂದು ಮನಸ್ಸನ್ನು ನಾವು ಊಹಿಸಿಕೊಂಡಿರುತ್ತೇವೆ. ದಸ್ತಾವೇಜುಗಳಲ್ಲಿ ಬರುವ ‘ದ ಸೆಡ್ ಪ್ರಾಪರ್ಟಿ’ ಎಂಬುದು ಈ ದಾರಿಯ ಕೊನೆಯ ನಿಲ್ದಾಣ; ಯಾರೂ ಹೇಳದ, ಬರಿದೇ ಮೇಲೆ ಬರೆದಿರುವ ಸ್ವತ್ತು. ನಮ್ಮ ನೋಂದಣಿ ಕಚೇರಿಗಳ ಕನ್ನಡ ಅದನ್ನು ‘ಸದರಿ ಸ್ವತ್ತು’ ಎನ್ನುತ್ತದೆ.

ಊಹೆಯ ‘ಸೇ’ ಕೂಡ ಇದರ ಮುಂದುವರಿಕೆ. ‘ಸೇ, ಎ ಹಂಡ್ರೆಡ್ ಪೀಪಲ್’ ಎಂದರೆ ನೂರು ಜನ ಎನ್ನಿ, ನೂರು ಜನ ಎಂದಿಟ್ಟುಕೊಳ್ಳಿ. ಯಾರಿಗೂ ಏನನ್ನೂ ತಿಳಿಸುವ ಉದ್ದೇಶ ಇಲ್ಲಿಲ್ಲ. ಮಾತನ್ನು ಮುಂದಿಟ್ಟು, ಅದರ ಸತ್ಯಾಸತ್ಯದ ಹೊಣೆಯನ್ನು ಯಾರೂ ಹೊರದೆ ಲೆಕ್ಕ ಮುಂದುವರಿಸುವುದಷ್ಟೇ. ಈ ಸ್ಥಾನದಲ್ಲಿ ‘ಟೆಲ್’ ಎಂದೂ ಬರುವುದಿಲ್ಲ. ಕನ್ನಡದಲ್ಲಿಯೂ ಇಲ್ಲಿ ‘ನೂರು ಜನ ಹೇಳಿ’ ಎನ್ನಲಾಗದು ಎಂಬುದನ್ನು ಗಮನಿಸಬೇಕು.

ಅಧಿಕಾರದ ಅರ್ಥದ ನಾಮಪದ ‘ಸೇ’ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. ‘ಹ್ಯಾವ್ ಎ ಸೇ’ ಎಂದರೆ ತೀರ್ಮಾನದಲ್ಲಿ ಪಾಲಿರುವುದು. ಮನೆಯಲ್ಲಿ ಅವರ ಮಾತೂ ನಡೆಯುತ್ತದೆ ಎಂದು ನಾವು ಅನ್ನುವಂತೆ.

5. ಕನ್ನಡದ ಕಡೆಯಿಂದ

ಈಗ ಕನ್ನಡದ ಎರಡು ಧಾತುಗಳನ್ನು ಎದುರುಬದುರಾಗಿ ಇಡೋಣ. ‘ಹೇಳು’ ಎಂಬುದು ಚತುರ್ಥಿಯನ್ನು ಬಯಸುವ ಧಾತು: ಮಗುವಿಗೆ ಕಥೆ ಹೇಳು, ಶಿಷ್ಯನಿಗೆ ಪಾಠ ಹೇಳು, ಆಳಿಗೆ ಕೆಲಸ ಹೇಳು, ಮನೆಯವರಿಗೆ ನಮಸ್ಕಾರ ಹೇಳು. ‘ಬರಲು ಹೇಳಿದೆ’ ಎಂದರೆ ಆಜ್ಞೆ. ‘ಹೇಳದೆ ಕೇಳದೆ ಹೋದ’ ಎಂದರೆ ತಿಳಿಸದೆ ಹೋದ. ಇವೆಲ್ಲ ‘ಟೆಲ್’ ಪದದ ಸೀಮೆಯೊಳಗಿನವು ಅಥವಾ ಅದರ ಆಸುಪಾಸಿನವು.

‘ಎನ್ನು’ (ಆಡುಮಾತಿನ ‘ಅನ್ನು’) ಕೇಳುಗನನ್ನು ಬಯಸುವುದಿಲ್ಲ. ‘ಬರುತ್ತೇನೆ ಎಂದ’ ಎಂಬಲ್ಲಿ ಯಾರಿಗೆ ಎಂಬ ಪ್ರಶ್ನೆ ಏಳುವುದೇ ಇಲ್ಲ. ಚತುರ್ಥಿಯನ್ನು ಒತ್ತಾಯದಿಂದ ಸೇರಿಸಿದರೆ ಅರ್ಥವೇ ತಿರುಗುತ್ತದೆ: ‘ನನಗೆ ಏನೋ ಅಂದ’ ಎಂದರೆ ನನಗೇನೋ ತಿಳಿಸಿದ ಎಂದಲ್ಲ, ನನ್ನನ್ನು ಬೈದ, ಆಡಿಕೊಂಡ ಎಂಬ ಧ್ವನಿ. ‘ಅನ್ನಿಸಿಕೊಳ್ಳು’ ಎಂಬ ರೂಪದಲ್ಲಿ ಬೈಸಿಕೊಳ್ಳುವ ಅರ್ಥ ಗಟ್ಟಿಯಾಗಿಯೇ ನಿಂತಿದೆ.

ಅತ್ಯಂತ ಸರಳವಾದ ಪರೀಕ್ಷೆಯೆಂದರೆ ಪ್ರಶ್ನೆಯ ರೂಪ. ಎದುರಿನವರ ಮಾತು ಕಿವಿಗೆ ಸರಿಯಾಗಿ ಬೀಳದಿದ್ದಾಗ ಕನ್ನಡಿಗರು ಕೇಳುವುದು ‘ಏನಂದಿರಿ?’ ಎಂದು, ‘ಏನು ಹೇಳಿದಿರಿ?’ ಎಂಬುದಕ್ಕೆ ಏನು ತಿಳಿಸಿದಿರಿ, ಏನು ಸೂಚನೆ ಕೊಟ್ಟಿರಿ ಎಂಬರ್ಥವೂ ಸುಲಭವಾಗಿ ಬರುತ್ತದೆ. ‘ವಾಟ್ ಡಿಡ್ ಯು ಸೇ?’ ಎಂಬುದು ಮೊದಲನೆಯದು, ‘ವಾಟ್ ಡಿಡ್ ಯು ಟೆಲ್ ದೆಮ್?’ ಎಂಬುದು ಎರಡನೆಯದು. ‘ಹೂಂ ಅಂದಳು’, ‘ಇಲ್ಲ ಎಂದರು’ ಎಂಬಲ್ಲಿಯೂ ಕನ್ನಡ ಆಯ್ದುಕೊಳ್ಳುವುದು ‘ಎನ್ನು’ ಧಾತುವನ್ನೇ. ‘ಪತ್ರದಲ್ಲಿ ಹೀಗೆಂದಿದೆ’ ಎಂಬ ನಿರ್ಜೀವ ಕರ್ತೃವಿನ ಸಂದರ್ಭದಲ್ಲಿಯೂ ಅದೇ.

ಅದಕ್ಕಿಂತ ಮುಖ್ಯವಾದದ್ದು, ‘ಹೇಳು’ ಧಾತು ಒಂದು ಉಪವಾಕ್ಯವನ್ನು ತೆಗೆದುಕೊಳ್ಳಬೇಕಾದರೆ ‘ಎನ್ನು’ ಧಾತುವಿನ ನೆರವಿಲ್ಲದೆ ಸಾಧ್ಯವಿಲ್ಲ. ‘ಬರುತ್ತೇನೆ ಎಂದು ಹೇಳಿದ’ ಎಂಬ ವಾಕ್ಯವನ್ನು ಅಕ್ಷರಶಃ ಬಿಡಿಸಿದರೆ ‘ಬರುತ್ತೇನೆ’ ಎಂಬ ಮಾತನ್ನು ನುಡಿದು, ತಿಳಿಸಿದ ಎಂದಾಗುತ್ತದೆ. ಇಂಗ್ಲಿಷ್ ಎರಡು ವಾಕ್ಯಗಳಿಗೆ ಹಂಚಿದ ‘ಸೇ’ ಮತ್ತು ‘ಟೆಲ್’ಗಳನ್ನು ಕನ್ನಡ ಒಂದೇ ವಾಕ್ಯದಲ್ಲಿ ಪಕ್ಕಪಕ್ಕದಲ್ಲಿ ಕೂರಿಸಿದೆ. ಎಂದು ಕೇಳಿದ, ಎಂದು ಬರೆದ, ಎಂದು ಯೋಚಿಸಿದ ಎಂಬಲ್ಲೆಲ್ಲ ಅದೇ ‘ಎಂದು’ ವ್ಯಾಕರಣೀಕರಣಗೊಂಡು ಇಂಗ್ಲಿಷಿನ ‘ದಟ್’ ಮಾಡುವ ಕೆಲಸವನ್ನು ಮಾಡುತ್ತದೆ. ತಮಿಳಿನ ‘ಎನ್ರು’, ತೆಲುಗಿನ ‘ಅನಿ’ ಇದರ ಸೋದರರೂಪಗಳು. ಮರಾಠಿಯ ‘ಮ್ಹಣೂನ್’ ಬೇರೆ ಕುಲದ್ದಾದರೂ ನುಡಿಯುವ ಧಾತುವಿನಿಂದಲೇ ಬಂದು ಇದೇ ಹಾದಿ ಹಿಡಿದದ್ದು. ಸಂಸ್ಕೃತದ ‘ಇತಿ’ ಎಂಬುದರ ಬಳಕೆಯ ಹಿಂದೆ ದ್ರಾವಿಡದ ಪ್ರಭಾವವಿರಬಹುದೇ ಎಂದು ಕೈಪರ್ 1967ರಲ್ಲಿ ಚರ್ಚಿಸಿದ್ದು ಈ ಪ್ರಾದೇಶಿಕ ಸಾಮ್ಯವನ್ನು ಕಂಡೇ.

ಹಾಗೆಂದು ‘ಸೇ’ ಎಂದರೆ ‘ಎನ್ನು’ ಎಂದು ಹೊಸ ಸಮೀಕರಣವೊಂದನ್ನು ಸ್ಥಾಪಿಸುವುದೂ ಸರಿಯಲ್ಲ. ‘ಎನ್ನು’ ಧಾತುವಿನ ವ್ಯಾಪ್ತಿ ಕೆಲವೆಡೆ ಹಿರಿದು, ಕೆಲವೆಡೆ ಕಿರಿದು. ‘ಧಡ್ ಎಂದು ಬಿದ್ದ’, ‘ಗುಡುಗು ಗಡಗಡ ಎಂದಿತು’ ಎಂಬಂತೆ ಅರ್ಥವಿಲ್ಲದ ಸದ್ದಿಗೂ ಅದು ಒದಗುತ್ತದೆ. ಇಂಗ್ಲಿಷಿನಲ್ಲಿ ಅಂಥ ಕಡೆ ‘ಗೋ’ ಬರುತ್ತದೆ. ಹಸು ‘ಮೂ’ ಅನ್ನುತ್ತದೆ ಎಂದು ಮಕ್ಕಳಿಗೆ ಕಲಿಸುವಾಗ ಮಾತ್ರ ‘ಸೇ’ ಬರುವುದುಂಟು. (‘ಗೋ’ ಇಂದಿನ ಆಡು ಇಂಗ್ಲಿಷಿನಲ್ಲಿ ಮನುಷ್ಯರ ಮಾತಿಗೂ ಬಂದಿದೆ. ಅಮೆರಿಕದ ಯುವಜನರ ‘ಬಿ ಲೈಕ್’ ಎಂಬುದನ್ನು ರೊನಾಲ್ಡ್ ಬಟರ್ಸ್ 1982ರಲ್ಲಿಯೇ ಗುರುತಿಸಿದ್ದರು. ಅದರಲ್ಲಿ ಆಡಿದ ಮಾತು, ಆಡದೆ ಅಂದುಕೊಂಡದ್ದು, ಮುಖಭಾವ ಎಲ್ಲವೂ ಬೆರೆತಿರುತ್ತವೆ.) ಇನ್ನು ‘ಎನ್ನು’ ಧಾತುವಿನ ಪ್ರೇರಣಾರ್ಥಕ ‘ಅನಿಸು’ ಮಾತಿನ ಸೀಮೆಯನ್ನೇ ದಾಟಿ ಮನಸ್ಸಿನೊಳಕ್ಕೆ ಹೋಗಿದೆ. ‘ನನಗೆ ಹಾಗನಿಸುತ್ತದೆ’ ಎಂಬಲ್ಲಿ ಯಾರೂ ಏನನ್ನೂ ಆಡಿಲ್ಲ. ಇತ್ತ ಮಂತ್ರ, ಪ್ರಾರ್ಥನೆ ಮುಂತಾದ ನಾಮಪದಗಳ ಮುಂದೆ ‘ಎನ್ನು’ ಬರಲಾರದು. ಅಲ್ಲಿ ಇಂಗ್ಲಿಷಿನ ‘ಸೇ’ ಪದಕ್ಕೆ ‘ಹೇಳು’ ಎಂಬುದೇ ಸರಿ.

ಅನ್ನಾ ವಿಯೆಜ್‌ಬಿತ್ಸ್ಕಾ ತಮ್ಮ 1972ರ ಗ್ರಂಥದಿಂದಲೂ ‘ಸೇ’ ಪರಿಕಲ್ಪನೆಯನ್ನು ಒಡೆಯಲಾಗದ ಅರ್ಥಾಣುಗಳ ಪಟ್ಟಿಯಲ್ಲಿ ಇರಿಸಿದ್ದಾರೆ. ಯಾವ ಭಾಷೆಯಲ್ಲಾದರೂ ಅದಕ್ಕೊಂದು ಪದ ಇರುತ್ತದೆ ಎಂಬುದು ಆ ಪಂಥದ ನಿಲುವು. ಕನ್ನಡದಲ್ಲಿ ಆ ಪದ ಯಾವುದು? ಒಬ್ಬರಿಗೆ ಒಂದರ ಬಗ್ಗೆ ಏನನ್ನೋ ನುಡಿಯುವುದು ಎಂಬ ರಚನೆಗೆ ‘ಹೇಳು’ ಹೊಂದುತ್ತದೆ, ಪದಗಳನ್ನೇ ಉದ್ಧರಿಸುವ ರಚನೆಗೆ ‘ಎನ್ನು’ ಹೊಂದುತ್ತದೆ. ಒಂದೇ ಅರ್ಥಾಣುವಿಗೆ ಎರಡು ರೂಪಗಳಿರಬಹುದೆಂದು ಆ ಪಂಥದವರು ಉತ್ತರಿಸಬಹುದು. ನಮಗೆ ತೋರುವ ಮಟ್ಟಿಗೆ, ಅಣುವೆಂದು ಭಾವಿಸಿದ್ದು ಇಂಗ್ಲಿಷಿನ ಕಣ್ಣಿಗೆ ಮಾತ್ರ ಅಣುವಾಗಿ ಕಂಡಿದೆಯೇ ಎಂಬ ಅನುಮಾನಕ್ಕೆ ಇಲ್ಲಿ ಎಡೆಯಿದೆ.

ಭಾರತೀಯ ಇಂಗ್ಲಿಷಿನ ‘ಹೀ ಟೋಲ್ಡ್ ದಟ್’ ಎಂಬ ವ್ಯಾಪಕ ಪ್ರಯೋಗವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ‘ಎಂದು ಹೇಳಿದ’ ಎಂಬುದರಲ್ಲಿ ಕೇಳುಗನನ್ನು ಬಿಡಬಹುದಾದ್ದರಿಂದ, ‘ಹೇಳು’ ಎಂದರೆ ‘ಟೆಲ್’ ಎಂದು ಕಲಿತ ಕನ್ನಡಿಗ ಇಂಗ್ಲಿಷಿನಲ್ಲಿಯೂ ಬಿಡುತ್ತಾನೆ. ಈ ವಿವರಣೆ ಆಕರ್ಷಕ, ಆದರೆ ಪೂರ್ಣವಲ್ಲ. ಹಿಂದಿಯಲ್ಲಿ ‘ಕಹನಾ’ ಮತ್ತು ‘ಬತಾನಾ’ ಎಂಬ ಭೇದ ಇಂಗ್ಲಿಷಿನ ಭೇದಕ್ಕೆ ಸಾಕಷ್ಟು ಹತ್ತಿರವಿದ್ದೂ ಹಿಂದಿ ಮಾತೃಭಾಷಿಕರ ಇಂಗ್ಲಿಷಿನಲ್ಲಿ ಇದೇ ಪ್ರಯೋಗ ಕೇಳಿಬರುತ್ತದೆ. ಮಾತೃಭಾಷೆಯ ಪ್ರಭಾವವೆಂಬ ಒಂದೇ ಬೀಗದಕೈಯಿಂದ ಎಲ್ಲ ಬಾಗಿಲುಗಳನ್ನೂ ತೆರೆಯುವ ಅಭ್ಯಾಸ ನಮ್ಮ ಕ್ಷೇತ್ರದಲ್ಲಿ ಇನ್ನೂ ಬಲವಾಗಿದೆ.

6. ಸಾಕ್ಷ್ಯ ಮತ್ತು ಸುದ್ದಿ

ಕರ್ನಾಟಕದ ವಿಚಾರಣಾ ನ್ಯಾಯಾಲಯಗಳಲ್ಲಿ ಸಾಕ್ಷಿಗಳು ಕನ್ನಡದಲ್ಲಿ ನುಡಿಯುತ್ತಾರೆ. ಸಂವಿಧಾನದ 348ನೆಯ ಅನುಚ್ಛೇದದ ಮೇರೆಗೆ ಉಚ್ಚ ನ್ಯಾಯಾಲಯದ ಭಾಷೆ ಇಂಗ್ಲಿಷ್. ಈ ಎರಡರ ನಡುವೆ ಅನುವಾದ ನಡೆಯಲೇಬೇಕು. ಒಂದು ಕಲ್ಪಿತ ಉದಾಹರಣೆ: ಸಾಕ್ಷಿಯೊಬ್ಬಳು ‘ನಿನ್ನನ್ನು ಬಿಡೋದಿಲ್ಲ ಅಂದ’ ಎನ್ನುತ್ತಾಳೆ. ಇದನ್ನು ‘ಹೀ ಸೆಡ್ ದಟ್ ಹೀ ವುಡ್ ನಾಟ್ ಸ್ಪೇರ್ ಮಿ’ ಎಂದು ಅನುವಾದಿಸಿದರೆ ವ್ಯಾಕರಣದ ದೃಷ್ಟಿಯಿಂದ ತಪ್ಪಿಲ್ಲ. ಆದರೆ ಕನ್ನಡ ವಾಕ್ಯದಲ್ಲಿದ್ದ ಒಂದು ಸಂಗತಿ ಇಲ್ಲಿ ಕಾಣೆಯಾಗಿದೆ. ‘ಎನ್ನು’ ಧಾತು ಉದ್ಧರಿಸಿದ ಮಾತಿನೊಳಗಿನ ಪುರುಷವಾಚಿಗಳನ್ನು ಹಾಗೆಯೇ ಉಳಿಸಿಕೊಳ್ಳುವುದರಿಂದ, ‘ನಿನ್ನನ್ನು’ ಎಂಬ ಮಧ್ಯಮಪುರುಷವೇ ಆ ಮಾತು ಅವಳ ಎದುರಿಗೆ, ಅವಳಿಗೇ ಆಡಿದ್ದು ಎಂಬುದನ್ನು ಸಾರುತ್ತದೆ. ಬೇರೆ ಯಾರ ಬಳಿಯೋ ಆಡಿದ್ದು ಅವಳ ಕಿವಿಗೆ ಬಿದ್ದಿದ್ದರೆ ಅವಳು ‘ನನ್ನನ್ನು ಬಿಡೋದಿಲ್ಲ ಅಂದನಂತೆ’ ಎನ್ನುತ್ತಿದ್ದಳು. ಇಂಗ್ಲಿಷಿನ ಪರೋಕ್ಷ ಉಕ್ತಿಯಲ್ಲಿ ‘ನಿನ್ನನ್ನು’, ‘ನನ್ನನ್ನು’ ಎರಡೂ ‘ಮಿ’ ಎಂಬ ಒಂದೇ ರೂಪಕ್ಕೆ ಬಂದು ನಿಲ್ಲುತ್ತವೆ. ‘ಸೇ’ ಕೇಳುಗನ ಬಗೆಗೆ ಮೌನವಾಗಿರುವ ಕ್ರಿಯಾಪದವಾದ್ದರಿಂದ ಅದೂ ನೆರವಿಗೆ ಬರುವುದಿಲ್ಲ.

ಭಾರತೀಯ ದಂಡಸಂಹಿತೆಯ 503ನೆಯ ಕಲಮಿನಲ್ಲಿಯೂ, 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 351ನೆಯ ಕಲಮಿನಲ್ಲಿಯೂ ಅಪರಾಧಿಕ ಬೆದರಿಕೆಯ ವ್ಯಾಖ್ಯೆಯು ಎದುರಿನ ವ್ಯಕ್ತಿಯಲ್ಲಿ ಭೀತಿ ಹುಟ್ಟಿಸುವ ಉದ್ದೇಶವನ್ನು ಒಳಗೊಂಡಿದೆ. ಹಾಗಿರುವಾಗ ಮಾತನ್ನು ಯಾರ ಮುಂದೆ ಆಡಿದ ಎಂಬುದು ಅಲಂಕಾರದ ವಿಷಯವಲ್ಲ. ಮೇಲಿನ ವಾಕ್ಯವನ್ನು ‘ಹೀ ಟೋಲ್ಡ್ ಮಿ’ ಎಂದೋ, ಪ್ರತ್ಯಕ್ಷ ಉಕ್ತಿಯಾಗಿ ಅವನ ಪದಗಳನ್ನೇ ಇಟ್ಟೋ ಅನುವಾದಿಸುವುದು ಹೆಚ್ಚು ನಿಷ್ಠವಾದ ಮಾರ್ಗ. ‘ಅಂದ’ ಎಂಬುದಕ್ಕೆ ‘ಸೆಡ್’ ಎಂಬುದು ಹತ್ತಿರದ ಪದವೆಂದು ಇಷ್ಟು ಹೊತ್ತು ವಾದಿಸಿದ ನಾವೇ ಇಲ್ಲಿ ‘ಟೋಲ್ಡ್’ ಎನ್ನುತ್ತಿರುವುದರಲ್ಲಿ ವಿರೋಧವಿಲ್ಲ: ಪದಕ್ಕೆ ಪದ ಸಮನಾದರೂ ಸುತ್ತಲಿನ ಉದ್ಧರಣ ವ್ಯವಸ್ಥೆ ಬೇರೆಯಾದಾಗ ವಾಕ್ಯಕ್ಕೆ ವಾಕ್ಯ ಸಮನಾಗುವುದಿಲ್ಲ. ಪ್ರಾಸಂಗಿಕವಾಗಿ ಹೇಳುವುದಾದರೆ, ಮೌಖಿಕ ಸಾಕ್ಷ್ಯ ನೇರವಾಗಿರಬೇಕೆಂದು ವಿಧಿಸಿದ 1872ರ ಸಾಕ್ಷ್ಯ ಅಧಿನಿಯಮದ 60ನೆಯ ಕಲಮು, ತಾನು ಕಂಡೆ, ತಾನು ಕೇಳಿದೆ ಎನ್ನುವ ಸಾಕ್ಷಿಗೆ ಬಳಸಿದ ಇಂಗ್ಲಿಷ್ ಕ್ರಿಯಾಪದವೂ ‘ಸೆಜ್’ ಎಂಬುದೇ.

ಪತ್ರಿಕೆಗಳಲ್ಲಿ ಸಮಸ್ಯೆ ಬೇರೊಂದು ಬಗೆಯದು. ಇಂಗ್ಲಿಷ್ ಸುದ್ದಿಬರಹದಲ್ಲಿ ‘ಸೆಡ್’ ಎಂಬುದನ್ನೇ ಮತ್ತೆ ಮತ್ತೆ ಬಳಸುವುದು ದೋಷವಲ್ಲ, ಶಿಸ್ತು. ಮಾತನ್ನು ಮುಂದಿಟ್ಟು, ಅದರ ಸತ್ಯದ ಬಗೆಗೆ ವರದಿಗಾರ ತಟಸ್ಥನಾಗಿರುತ್ತಾನೆ. ಕನ್ನಡ ವರದಿಗಳಲ್ಲಿ ಏಕತಾನತೆ ತಪ್ಪಿಸಲೆಂದು ಹೇಳಿದರು, ತಿಳಿಸಿದರು, ನುಡಿದರು, ವಿವರಿಸಿದರು, ಸ್ಪಷ್ಟಪಡಿಸಿದರು ಎಂದು ಒಂದಾದಮೇಲೊಂದು ಪದವನ್ನು ಬದಲಿಸುತ್ತಾರೆ. ಇವು ಸಮಾನಾರ್ಥಕಗಳಲ್ಲ. ‘ತಿಳಿಸಿದರು’ ಎಂದೊಡನೆ ತಿಳಿಸಿದ ವಿಷಯ ನಿಜವೆಂಬ ಛಾಯೆ ಬಂದುಬಿಡುತ್ತದೆ. ‘ಸ್ಪಷ್ಟಪಡಿಸಿದರು’ ಎಂಬುದು ಇನ್ನೂ ಒಂದು ಹೆಜ್ಜೆ ಮುಂದೆ: ಮೊದಲೇ ಇದ್ದ ಸತ್ಯವೊಂದರ ಮೇಲಿನ ಮಸುಕನ್ನು ಒರೆಸಿದಂತೆ. ಅಧಿಕಾರಸ್ಥರ ಮಾತಿಗೆ ‘ಸ್ಪಷ್ಟಪಡಿಸಿದರು’, ಪ್ರತಿಭಟನಕಾರರ ಮಾತಿಗೆ ‘ಆರೋಪಿಸಿದರು’ ಎಂದು ಬರೆದಾಗ ವರದಿಗಾರ ಅರಿತೋ ಅರಿಯದೆಯೋ ತೀರ್ಪು ಕೊಟ್ಟಿರುತ್ತಾನೆ. ಕನ್ನಡದಲ್ಲಿ ‘ಸೆಡ್’ ಪದದಷ್ಟೇ ತಟಸ್ಥವಾದ ರೂಪವೊಂದು ಕೈಯಳತೆಯಲ್ಲೇ ಇದೆ: ‘ಎಂದರು’. ಅದು ಇನ್ನಷ್ಟು ಬಳಕೆಗೆ ಬರಬೇಕೆಂಬುದು ನಮ್ಮ ಅಭಿಪ್ರಾಯ.

‘ಎನ್ನಲಾಗಿದೆ’ ಎಂಬ ಕರ್ಮಣಿ ರೂಪದ ಬಗೆಗೆ ಮಾತ್ರ ನಮಗೆ ಅಷ್ಟು ಉತ್ಸಾಹವಿಲ್ಲ. ಆಪಾದನೆಯ ಸುದ್ದಿಗಳಲ್ಲಿ ಅದು ‘ಈಸ್ ಸೆಡ್ ಟು’, ‘ಅಲೆಜೆಡ್ಲಿ’ ಎರಡ ಕೆಲಸವನ್ನೂ ಹೊತ್ತುಕೊಂಡಿದೆ. ದೂರಿನಲ್ಲಿ ಬರೆದಿರುವುದು, ಪೊಲೀಸರು ನುಡಿದದ್ದು, ಊರಿನವರು ಆಡಿಕೊಂಡದ್ದು ಎಲ್ಲವೂ ‘ಎನ್ನಲಾಗಿದೆ’ ಎಂಬ ಒಂದೇ ಹೊದಿಕೆಯಡಿ ಸೇರಿಕೊಳ್ಳುತ್ತವೆ. ಆಡುಮಾತಿನ ‘ಅಂತೆ’ ತಾನು ಗಾಳಿಮಾತೆಂದು ಬಾಯಿಬಿಟ್ಟು ಒಪ್ಪಿಕೊಳ್ಳುತ್ತದೆ; ‘ಎನ್ನಲಾಗಿದೆ’ ಅದೇ ಗಾಳಿಮಾತಿಗೆ ಕಚೇರಿಯ ಉಡುಪು ತೊಡಿಸುತ್ತದೆ.

7. ನಿಘಂಟಿನ ನಮೂದು

ದ್ವಿಭಾಷಾ ನಿಘಂಟುಗಳಲ್ಲಿ ‘ಸೇ’ ಪದದ ನಮೂದು ‘ಎನ್ನು, ಅನ್ನು’ ಎಂಬುದರಿಂದ ಆರಂಭವಾಗಿ, ನಿಗದಿತ ಪದಗಳ ಉಚ್ಚಾರಣೆಯ ಅರ್ಥದಲ್ಲಿ ‘ಹೇಳು’ ಎಂಬುದನ್ನು ಎರಡನೆಯದಾಗಿ ಕೊಡಬೇಕು. ನಿರ್ಜೀವ ಕರ್ತೃವಿಗೆ ‘ಎಂದಿದೆ’, ‘ತೋರಿಸು’, ಊಹೆಗೆ ‘ಎನ್ನಿ’, ‘ಎಂದಿಟ್ಟುಕೊಳ್ಳಿ’, ‘ಈಸ್ ಸೆಡ್ ಟು’ ಎಂಬುದಕ್ಕೆ ‘ಅಂತೆ’ ಎಂದು ಬೇರೆಬೇರೆಯಾಗಿ ಕಾಣಿಸಬೇಕು. ‘ಟೆಲ್’ ಪದದ ನಮೂದಿಗೆ ‘ಹೇಳು’ ಎಂಬುದರ ಜೊತೆಗೆ ‘ತಿಳಿಸು’ ಎಂಬುದು ಮೊದಲ ಸಾಲಿನಲ್ಲಿಯೇ ಇರಬೇಕು. ‘ಅಂತೆ’ ಸ್ವತಂತ್ರ ಪದವಲ್ಲ, ಬಾಲಂಗೋಚಿಯೆಂಬ ಕಾರಣಕ್ಕೆ ಅದನ್ನು ನಮೂದಿನಿಂದ ಹೊರಗಿಡುವ ವಾದ ಬರಬಹುದು. ಇಂಗ್ಲಿಷಿನಲ್ಲಿ ನಾಲ್ಕು ಪದಗಳನ್ನು ಜೋಡಿಸಿ ಕಟ್ಟಿದ ಅರ್ಥವನ್ನು ಕನ್ನಡಿಗರು ವಾಕ್ಯದ ತುದಿಯಲ್ಲಿ ಎರಡು ಅಕ್ಷರಗಳಲ್ಲಿ ಮುಗಿಸುತ್ತಾರೆ ಎಂಬುದನ್ನು ನಿಘಂಟು ತೆರೆದವನಿಗೆ ಮುಚ್ಚಿಡಲು ಅದು ಸಾಕಾದ ಕಾರಣವಲ್ಲ.